ಕಡ್ಲಿಯವರ ಮನಿ ಕಟ್ಟು

ಯಲಬುರ್ಗಾದ ಬಸ್ ಸ್ಟ್ಯಾಂಡ್ ಹಿಂದ ಗೋವಿಂದರಾಜ ಡಾಕ್ಟರ ದವಾಖಾನಿ ಇತ್ತು. ಅಲ್ಲಿ ಡಾಕ್ಟರದ ನಡೀತೈತಿ ಅಂತ ತಿಳಕೊಂಡವ್ರು ಹೊರಗಿನವ್ರು. ಊರವ್ರಿಗೆ ಗೊತ್ತಿತ್ತು, ಅಲ್ಲಿ ನಡಿಯೂದು ಗುರುಲಿಂಗಮ್ಮನ ಹುಕುಂ. ಡಾಕ್ಟರು ನಾಡಿ ಹಿಡೀತಿದ್ರು, ಕಂಪೌಂಡರ ಬಾಲಪ್ಪ ಸೂಜಿ ಮಾಡತಿದ್ದ, ಗುರುಲಿಂಗಮ್ಮ ಪೇಶಂಟರ ಜಡ್ಡು, ಗುಳಿಗಿ ಬರದ ಚೀಟಿ ತಗದು ಕೊಡತಿದ್ದಳು. ಚೀಟಿ ಇಲ್ಲದ ಒಳಗ ಕಾಲಿಟ್ಟವ್ರು ಯಾರೂ ಇಲ್ಲ. ಒಮ್ಮೆ ಡಾಕ್ಟರ ಖುದ್ದ ಮಾವ ಬಂದಾಗ, ಅವ್ರನ್ನೂ ಬಾಕಿನ ಮ್ಯಾಲೆ ಕುಂದರಿಸಿ, "ಸರದಿ ಬರ್ಲಿ, ಕರೀತೀನ್ರಿ" ಅಂದಾಕಿ ಆಕಿ.

ಆಕಿ ಮಂಗಳೂರಿನಾಕಿ. ಸಮುದ್ರದ ದಂಡಿ ಮಂಗಳೂರಲ್ಲ ಮತ್ತ, ನಮ್ಮ ಯಲಬುರ್ಗಾ ಕಡೆ ಮಂಗಳೂರು. ಏಳನೇ ಇಯತ್ತೆ ಕಲ್ತಿದ್ದಳು. ಗಂಡ ತೀರಿಕೊಂಡ ಮ್ಯಾಲೆ ಬ್ಯಾರೆ ಆಸರ ಇರಲಿಲ್ಲ. ದಿನಾ ಮುಂಜಾನಿ ಎಂಟರ ಬಸ್ಸಿಗೆ ಬಂದು ಸಂಜಿ ಬಸ್ಸಿಗೆ ಹೋಗತಿದ್ದಳು. ಬಾಯಿ ಸ್ವಲ್ಪ ಜೋರು, ಕೆಲಸ ಬರೋಬ್ಬರಿ.

೧೯೯೭ರಾಗ ದವಾಖಾನಿ ಹೊಸದಾಗಿ ತಗದಾಗ ಚೀಟಿ ಪೇಶಂಟರ ಕೈಯ್ಯಾಗ ಕೊಡತಿದ್ರು. ನಮ್ಮ ಮಂದಿ ಕೈಯ್ಯಾಗ ಕಾಗದ ಉಳೀತೈತೇನ್ರಿ? ಒಬ್ಬಾಂವ ಅಂಗಿ ಕಿಸೆದಾಗ ಇಟ್ಟು, ಅಂಗಿ ಒಗದು, ಹಿಂಡಿ ತಂದಿದ್ದ. ಇನ್ನೊಬ್ಬಾಂವ ಜಂತಿಗೆ ಸಿಗಿಸಿ ಹೊಗಿ ಹಿಡಿಸಿದ್ದ. ಒಬ್ಬ ಮುದುಕಿಯಂತೂ ಮಂಚದ ಕಾಲು ಅಲ್ಲಾಡತಾವಂತ ಚೀಟಿ ಮಡಚಿ ಅದರ ಬುಡಕ ಇಟ್ಟುಬಿಟ್ಟಿದ್ದಳು. ಡಾಕ್ಟರು ರೋಸಿ ಹೋಗಿ, ಇನ್ನ ಮ್ಯಾಲೆ ಚೀಟಿ ಇಲ್ಲೇ ಇರ್ಲಿ ಅಂತ ಒಂದು ದೊಡ್ಡ ಕಪಾಟ ಮಾಡಿಸಿದ್ರು. ಕೀಲಿ ಗುರುಲಿಂಗಮ್ಮನ ಸೊಂಟಕ್ಕ ಬಂತು.

ಮುಂದ ಹೊಸ ತಕರಾರು ಸುರು ಆತು. ನಮ್ಮ ತಾಲೂಕಿನ್ಯಾಗ "ದುರುಗಪ್ಪಾ" ಅಂತ ಕೂಗಿದ್ರ ಬಾಕಿನ ಮ್ಯಾಲಿಂದ ಒಂಬತ್ತು ಮಂದಿ ಎದ್ದು ನಿಂದ್ರತಾರ. "ಯಮನೂರಮ್ಮಾ" ಅಂದ್ರ ಹೆಣ್ಮಕ್ಕಳ ಬಾಕು ಅರ್ಧ ಖಾಲಿ. ಬಿಪಿ ದುರುಗಪ್ಪನ ಗುಳಿಗಿ ಕೆಮ್ಮಿನ ದುರುಗಪ್ಪಗ ಹೋಗಿ, ಆ ಪುಣ್ಯಾತ್ಮ ಎರಡು ದಿನ ತಲಿ ತಿರಗಿ ಮಲಗಿಬಿಟ್ಟ. ಆವಾಗ ಗುರುಲಿಂಗಮ್ಮ ಒಂದು ಉಪಾಯ ತಗದಳು. ಒಂದು ಮನಿಯವ್ರ ಚೀಟಿ ಎಲ್ಲಾ ಕೂಡಿಸಿ ದಾರ ಸುತ್ತಿ, ಮ್ಯಾಲೆ ಊರಿನ ಹೆಸರು, ಮನಿತನದ ಹೆಸರು ಬರದು ಕಟ್ಟು ಮಾಡಿಟ್ಟಳು. ಮನಿಯಿಂದ ಯಾರು ಬಂದ್ರೂ ಆ ಮನಿ ಕಟ್ಟು ಕೈಯ್ಯಾಗ ಕೊಡೂದು, ಅವ್ರು ಹಿಡಕೊಂಡು ಸರದಿ ಕಾಯ್ದು ಒಳಗ ಹೋಗೂದು. ಡಾಕ್ಟರು ಹಿರಿಹಿರಿ ಹಿಗ್ಗಿ, ಕುಷ್ಟಗಿ ಕೊಪ್ಪಳದ ತಮ್ಮ ಗೆಳ್ಯಾರ ಮುಂದ ಹೇಳಿ ಕೊಚಕೊಂಡ್ರು. ಗುರುಲಿಂಗಮ್ಮನ ಕಾಲು ನೆಲದ ಮ್ಯಾಲೆ ಇರಲಿಲ್ಲ.

ಅದರಾಗ ತಪ್ಪು ಎಲ್ಲೈತಿ ಅನ್ನೂದು ನಾಲ್ಕು ವರ್ಷ ಯಾರಿಗೂ ಹೊಳೀಲಿಲ್ಲ. ಮನಿ ಅಂದ ಮ್ಯಾಲೆ ಮುಚ್ಚುಮರಿ ಎಂಥಾದ್ದು? ಒಂದ ಒಲಿ, ಒಂದ ಹಂಚು, ಒಂದ ಕಟ್ಟು. ಹಂಗ ನಡದಿತ್ತು.

೨೦೦೨ರ ಬ್ಯಾಸಗಿಯೊಳಗ ಮಂಗಳೂರಿನ ಹುಚ್ಚೀರಪ್ಪ ಬೆನ್ನು ನೋವು ಅಂತ ಬಂದ. ಗುರುಲಿಂಗಮ್ಮ ಮನಿ ಕಟ್ಟು ತಗದು ಕೈಯ್ಯಾಗ ಕೊಟ್ಟಳು. ಸರದಿಗೆ ಇನ್ನೂ ಹೊತ್ತಿತ್ತು. ಸುಮ್ಮನ ಕುಂದ್ರಲಾರದ ಅಂವ ದಾರ ಬಿಚ್ಚಿ ಒಂದೊಂದ ಚೀಟಿ ನೋಡಿದ. ತಮ್ಮನ ಹೆಂಡತಿ ಯಮನೂರಮ್ಮಂದು ಚೀಟಿ ಉಳಿದವ್ರದಕ್ಕಿಂತ ದಪ್ಪ ಇತ್ತು. ಬಾಜೂಕ ಕುಂತಿದ್ದ ಒಬ್ಬ ಇಂಗ್ಲೀಷ್ ಬರೋ ಮನಶ್ಯಾಗ ತೋರಿಸಿ, "ಇದೇನ ಬರದಾರ ನೋಡ್ರಿ" ಅಂದ. ಆ ಮಾರಾಯ ಓದಿದ, ಓದಿದ್ದು ಹೋಗ್ಲಿ, ಬಾಕಿನ ಮಂದಿಗೆಲ್ಲಾ ಕೇಳೂ ಹಂಗ ಓದಿದ. ಟಿಬಿ. ಆರು ತಿಂಗಳ ಗುಳಿಗಿ ತಗೊಂಡು, ಬರೋಬ್ಬರಿ ಆಗಿ, ಆಗಲೇ ವರ್ಷ ಮ್ಯಾಲಾಗಿತ್ತು. ಅದೂ ಚೀಟಿಯೊಳಗ ಬರದಿತ್ತು. ಆದರ ಅಷ್ಟು ಕೆಳಗಿನತನ ಯಾರು ಓದತಾರ?

ಅವತ್ತಿನಿಂದ ಆ ಮನಿಯಾಗ ಯಮನೂರಮ್ಮಗ ತಾಟು ಬ್ಯಾರೆ, ಚರಗಿ ಬ್ಯಾರೆ. ಆಕಿ ಮಾಡಿದ ರೊಟ್ಟಿ ಯಾರೂ ಮುಟ್ಟವಲ್ರು. ನಾಲ್ಕನೇ ದಿನ ಆಕಿನ್ನ ಗಂಗಾವತಿ ಕಡೆ ಮರಳಿ ಅನ್ನೂ ಊರಿಗೆ, ತವರಮನಿಗೆ ಕಳಿಸಿಬಿಟ್ರು. ಮೂರು ವರ್ಷದ ಮಗಳನ್ನ ಜೋಡಿ ಕಳಸಲಿಲ್ಲ, ಕೂಸಿಗೆ ಅಂಟೀತು ಅಂತ ಇಟ್ಟುಕೊಂಡ್ರು.

ಆ ಮುಂಜಾನಿ ಎಂಟರ ಬಸ್ಸಿನ್ಯಾಗ ಗುರುಲಿಂಗಮ್ಮ ಹತ್ತಿದಾಗ ಹಿಂದಿನ ಸೀಟಿನ್ಯಾಗ ಯಮನೂರಮ್ಮ ಒಬ್ಬಾಕಿ ಕುಂತಿದ್ದಳು. ತೊಡಿ ಮ್ಯಾಲೆ ಒಂದು ಕೈಚೀಲ. ಅತ್ತು ಅತ್ತು ಮಾರಿ ಬಾತಿತ್ತು. ಗುರುಲಿಂಗಮ್ಮ ಬಾಜೂಕ ಹೋಗಿ ಕುಂತು, "ಏನಾತ ಯವ್ವಾ?" ಅಂದಳು. ಆಕಿ ಬೈಯ್ಯಲಿಲ್ಲ, ಶಾಪ ಹಾಕಲಿಲ್ಲ. ಆದದ್ದೆಲ್ಲಾ ಹೇಳಿ, ಕಡೀಕ ಇಷ್ಟ ಕೇಳಿದಳು:

"ಅಕ್ಕಾ, ನನ್ನ ಚೀಟಿ ನಿನ್ನ ಕೈಯ್ಯಾಗ ಇತ್ತಲ್ಲ?"

ಗುರುಲಿಂಗಮ್ಮ ಯಲಬುರ್ಗಾ ಬರೂತನ ಕಿಡಕಿ ಕಡೆ ಮಾರಿ ಮಾಡಿ ಕುಂತಳು. ಬೈದಿದ್ರ ಛಲೋ ಇತ್ತು, ಹೊಡದಿದ್ರೂ ನಡೀತಿತ್ತು. ಬಸ್ಸಿನಿಂದ ಇಳದು ದವಾಖಾನಿ ಬಾಗಲಾ ತಗದು, ಕಪಾಟದ ಮುಂದ ನಿಂತು, ಆ ಕಟ್ಟುಗಳನ್ನ ನೋಡಿದಳು. ತನ್ನ ಶಾಣ್ಯಾತನದ ಮ್ಯಾಲೆ ಆಕಿಗೆ ಹೇಸಿಗಿ ಬಂತು.

ಡಾಕ್ಟರು ಬಂದು ಕುರ್ಚಿ ಮ್ಯಾಲೆ ಕುಂತಿದ್ದಿಲ್ಲ, ಆಕಿ ಎದುರು ಹೋಗಿ ನಿಂತಳು.

"ಸಾಹೇಬ್ರ, ನಾ ಕಟ್ಟು ಎಲ್ಲಾ ಬಿಚ್ಚತೀನ್ರಿ."

"ಯಾಕಬೇ? ಏನಾತು?"

ಆಕಿ ಹೇಳಿದಳು. ಡಾಕ್ಟರು ಕೇಳಿ, "ಪಾಪ" ಅಂದ್ರು. ಆಮ್ಯಾಲೆ, "ಹಂಗಂತ ನಾಲ್ಕು ಸಾವಿರ ಚೀಟಿ ಬಿಚ್ಚಾಕ ಆಗ್ತೈತೇನ ಗುರುಲಿಂಗಮ್ಮ?" ಅಂದ್ರು.

"ಐದು ಸಾವಿರದ ಮ್ಯಾಲೆ ಅದಾವ್ರಿ."

"ಮತ್ತ? ಮನಿಯವ್ರ ಚೀಟಿ ಮನಿಯವ್ರಿಗೆ ಕೊಡೂದಿಲ್ಲ ಅಂದ್ರ ಮಂದಿ ಏನಂದಾರು?"

"ಮೈ ಮನೀದಲ್ರಿ ಸಾಹೇಬ್ರ, ಮೈ ಅವರವರದು. ಜಡ್ಡೂ ಅವರವರದ. ನೀವು ಹೂಂ ಅಂದ್ರ ನಾಳಿಂದ ಬಿಚ್ಚತೀನಿ. ಊಂಹೂಂ ಅಂದ್ರ ಕೀಲಿ ತಗೋರ್ರಿ, ನಾ ಮಂಗಳೂರಾಗ ಕೂಲಿ ಮಾಡಕೊಂಡು ತಿಂತೀನಿ."

ಡಾಕ್ಟರಿಗೆ ಆಕಿ ಇಲ್ಲದ ಮೂರು ದಿನಾನೂ ದವಾಖಾನಿ ನಡಿಯೂದಿಲ್ಲ ಅನ್ನೂದು ಗೊತ್ತಿತ್ತು. ಹೂಂ ಅಂದ್ರು.

ಒಂದೂವರಿ ತಿಂಗಳು ಹಿಡೀತು. ಮಧ್ಯಾಹ್ನ ಮಂದಿ ಕಡಿಮಿ ಆದಾಗ ನೆಲದ ಮ್ಯಾಲೆ ಚಾಪಿ ಹಾಸಿ ಕುಂತು ದಾರ ಕತ್ತರಸತಿದ್ದಳು. ಒಂದೊಂದ ಚೀಟಿಗೆ ಒಂದೊಂದ ನಂಬರ್, ಅದ ನಂಬರಿನ ರಟ್ಟಿನ ಬಿಲ್ಲೆ ಒಂದು. ಬಿಲ್ಲೆ ಪೇಶಂಟರ ಕೈಯ್ಯಾಗ, ಚೀಟಿ ಕಪಾಟದಾಗ. ಬಿಲ್ಲೆ ತಂದ್ರ ಸಾಲದು, ಮೈಯೂ ತರಬೇಕು. ಒಬ್ಬರ ಬಿಲ್ಲೆ ಇನ್ನೊಬ್ಬರು ತಂದ್ರ ನಡಿಯೂದಿಲ್ಲ. ಸಣ್ಣ ಹುಡುಗ್ರದು ಅವ್ವ ಅಪ್ಪಗ. ಚೀಟಿಯನ್ನ ಗುರುಲಿಂಗಮ್ಮ ತಾನ ಡಾಕ್ಟರ ಮೇಜಿಗೆ ಒಯ್ದು ಇಟ್ಟು, ತಾನ ತಿರುಗಿ ತರೂದು. ಇನ್ನೊಂದು ಉಪಕಾರ ಆತು, ದುರುಗಪ್ಪಗೋಳ ಗೊಂದಲ ಹರೀತು.

ಮಂದಿ ಬೈದ್ರು. "ಗುರುಲಿಂಗಮ್ಮನ ಬ್ಯಾಂಕು" ಅಂತ ಹೆಸರಿಟ್ರು. ಬಾಲಪ್ಪ ಅಂತೂ ದಿನಾ ಚಾಷ್ಟಿ ಮಾಡತಿದ್ದ: "ಅಕ್ಕಾ, ನನ್ನ ಚೀಟಿ ನನಗರ ತೋರಸ್ತೀಯೋ, ಅದಕ್ಕೂ ಅರ್ಜಿ ಹಾಕಬೇಕೋ?"

"ನಿನ್ನ ಚೀಟಿಯೊಳಗ ಏನೈತಿ ಮಣ್ಣು? ಹೋಗು, ಸೂಜಿ ಕುದಿಸು" ಅಂತಿದ್ದಳು ಆಕಿ.

ಹಿಂಗ ಎಂಟು ತಿಂಗಳು ಹೋತು. ಇನ್ನ ಕಡ್ಲಿಯವ್ರ ವಿಷಯಕ್ಕ ಬರತೀನಿ.

ಕಡ್ಲಿ ಕರಿಬಸಪ್ಪ ಅಂದ್ರ ಯಲಬುರ್ಗಾದ ದೊಡ್ಡ ಕಾಳಿನ ವ್ಯಾಪಾರಸ್ಥ. ಬಜಾರದಾಗ ಎರಡು ಅಂಗಡಿ. ದವಾಖಾನಿ ಕಟ್ಟಡಾನೂ ಅವಂದ. ಹಿರೇ ಮಗ ಪ್ರವೀಣಕುಮಾರ ಅಪ್ಪನ ಜೋಡಿ ಅಂಗಡಿ ನೋಡತಿದ್ದ. ಕಿರೇ ಮಗ ಪಂಪಾಪತಿ ಕೊಪ್ಪಳದಾಗ ಒಂದು ಆಫೀಸಿನ್ಯಾಗ ನೌಕರಿ, ದಿನಾ ಬಸ್ಸಿಗೆ ಹೋಗಿ ಬರತಿದ್ದ. ಪಂಪಾಪತಿ ಹೆಂಡತಿ ಮಹೇಶ್ವರಿ, ಕುಷ್ಟಗಿಯಾಕಿ. ಲಗ್ನ ಆಗಿ ಎರಡು ವರ್ಷ.

ಮಹೇಶ್ವರಿ ತಿಂಗಳಿಗೊಮ್ಮೆ ದವಾಖಾನಿಗೆ ಬರತಿದ್ದಳು. ಏನು ಜಡ್ಡು? ನಾ ಹೇಳಂಗಿಲ್ಲ. ಹೇಳಿದ್ರ ನಾನೂ ಆ ಬಾಕಿನ ಮ್ಯಾಲಿನ ಮಾರಾಯನ ಹಂಗ ಆದೆ. ಇಷ್ಟು ತಿಳಕೊರ್ರಿ: ಇನ್ನೊಬ್ರಿಗೆ ಅಂಟೂದಲ್ಲ, ದಿನಾ ಒಂದು ಗುಳಿಗಿ ತಗೊಂಡ್ರ ಸುಮ್ಮನ ಇರೂ ಜಡ್ಡು, ಮಕ್ಕಳಿಗೂ ಏನೂ ಆಗೂದಿಲ್ಲ ಅಂತ ಡಾಕ್ಟರು ಖಾತ್ರಿ ಕೊಟ್ಟಿದ್ರು. ಗಂಡಗ ಲಗ್ನಕ್ಕಿಂತ ಮೊದಲ ಗೊತ್ತಿತ್ತು, ಒಪ್ಪಿ ಮಾಡಿಕೊಂಡಿದ್ದ. ಆದರ ಅದರ ಹೆಸರು ಕೇಳಿದ್ರ ಸಾಕು, ಕರಿಬಸಪ್ಪನಂಥಾ ಮಾವ ಸೊಸಿನ್ನ ಕುಷ್ಟಗಿ ಬಸ್ಸು ಹತ್ತಿಸಿ, ಮಗಗ ಇನ್ನೊಂದು ಹೆಣ್ಣು ನೋಡಾಕ ಸುರು ಮಾಡತಿದ್ದ. ಅದರಾಗ ಅನುಮಾನ ಇಲ್ಲ. ಅದಕ್ಕ ಮಹೇಶ್ವರಿ ಒಮ್ಮೆ ಗುರುಲಿಂಗಮ್ಮನ ಕೈ ಹಿಡಕೊಂಡು, "ಅಕ್ಕಾರ, ನನ್ನ ಸಂಸಾರ ಇದರಾಗೈತ್ರಿ" ಅಂದಿದ್ದಳು.

ಒಂದು ಸಂತಿ ದಿನ ಮುಂಜಾನಿ. ದವಾಖಾನಿ ತುಂಬಿ ಮಂದಿ ವರಾಂಡಾದಾಗ ನಿಂತಿತ್ತು. ಮಹೇಶ್ವರಿ ಹೆಣ್ಮಕ್ಕಳ ಬಾಕಿನ ತುದಿಗೆ ಸೆರಗು ಹೊದ್ದು ಕುಂತಿದ್ದಳು, ಬಿಲ್ಲೆ ಮುಷ್ಟಿಯೊಳಗ. ಅಷ್ಟರಾಗ ಕರಿಬಸಪ್ಪ ಬಂದ. ತಲಿಗೆ ಪಟಕಾ, ಕೈಯ್ಯಾಗ ಮಡಚಿದ ಕರೇ ಕೊಡಿ, ಹಿಂದ ಪ್ರವೀಣಕುಮಾರ. ಸೊಸಿ ತಿಂಗಳಾ ದವಾಖಾನಿಗೆ ಹೋಗತಾಳ ಅಂತ ಯಾರೋ ಕಿವಿಯೂದಿದ್ರು. ಮಂದಿ ಸರದು ದಾರಿ ಬಿಟ್ರು. ಅಂವ ಸೀದಾ ಗುರುಲಿಂಗಮ್ಮನ ಚೀಟಿ ಕಿಡಕಿ ಮುಂದ ನಿಂತ.

"ನಮ್ಮ ಮನಿ ಕಟ್ಟು ಕೊಡು."

"ಕಟ್ಟು ಇಲ್ರಿ ಸಾವ್ಕಾರ್ರ. ಎಲ್ಲಾ ಬಿಚ್ಚೇನಿ. ನಿಮ್ಮ ಬಿಲ್ಲೆ ತಂದಿದ್ರ ಕೊಡ್ರಿ, ನಿಮ್ಮ ಚೀಟಿ ಡಾಕ್ಟರ ಮುಂದ ಇಡತೀನಿ."

"ನಂದಲ್ಲಬೇ, ಮಹೇಶ್ವರೀದು. ಎರಡು ವರ್ಷಾತು, ಮನಿಯಾಗ ತೊಟ್ಟಿಲಾ ತೂಗಲಿಲ್ಲ. ಈಕಿ ನೋಡಿದ್ರ ಕದ್ದು ಬಂದು ಗುಳಿಗಿ ತಗೊಂತಾಳಂತ. ಏನಂತ ನನಗ ಗೊತ್ತಾಗಬೇಕು."

ಬಾಕಿನ ಮಂದಿ ಎಲ್ಲಾ ತಿರುಗಿ ನೋಡಿತು. ಮಹೇಶ್ವರಿ ತಲಿ ಇನ್ನೂ ಕೆಳಗ ಹೋತು.

"ಕೊಡಂಗಿಲ್ರಿ" ಅಂದಳು ಗುರುಲಿಂಗಮ್ಮ.

"ಏನಂದಿ?"

"ಆಕಿ ಚೀಟಿ ಆಕಿಗೆ, ಡಾಕ್ಟರಿಗೆ. ಮೂರನೇದವ್ರಿಗೆ ಇಲ್ಲ."

"ನಾ ಮೂರನೇದಾಂವ? ಆಕಿ ಮಾವ ನಾ! ಈ ಕಟ್ಟಡ ಯಾರದು ಅನ್ನೂದರ ನೆಪ್ಪೈತೋ ಇಲ್ಲೋ ನಿನಗ?"

"ಐತ್ರಿ. ಗ್ವಾಡಿ ನಿಮ್ಮವು, ಬಾಗಲಾ ನಿಮ್ಮದು. ಕಪಾಟದಾಗಿನ ಚೀಟಿ ನಿಮ್ಮವಲ್ರಿ."

ಹಿಂದ ಯಾರೋ ಒಬ್ರು "ಅಬಾಬಾ" ಅಂದ್ರು. ಕರಿಬಸಪ್ಪನ ಮಾರಿ ಕೆಂಪಾತು. ಕೊಡಿ ನೆಲಕ್ಕ ಕುಟ್ಟಿ, "ಡಾಕ್ಟರ್ರ! ಬರ್ರಿ ಹೊರಗ!" ಅಂತ ಒದರಿದ.

ಡಾಕ್ಟರು ಕೊಳ್ಳಾಗಿನ ನಳಿಗಿ ಹಿಡಕೊಂತ ಹೊರಗ ಬಂದ್ರು. ಭಾಳ ಒಳ್ಳೆ ಮನಶ್ಯಾ ಅವ್ರು, ಆದರ ದೊಡ್ಡ ದನಿಗೆ ಅಂಜತಿದ್ರು. ಸಾವ್ಕಾರನ ಮಾರಿ ನೋಡಿದ್ರು, ಮಂದಿ ನೋಡಿದ್ರು. "ಹೋಗ್ಲಿ ಗುರುಲಿಂಗಮ್ಮ, ಹಿರೇರು ಕೇಳಾಕತ್ತಾರ, ಕೊಟ್ಟುಬಿಡು" ಅಂದ್ರು, ಅರ್ಧ ದನಿಯೊಳಗ.

ಕೆಲಸ ಹೋದ್ರ ಮನಿಯಾಗ ಹಿಟ್ಟಿನ ಡಬ್ಬಿ ವಾರದಾಗ ತಳ ಕಾಣತಿತ್ತು, ಅದು ಗುರುಲಿಂಗಮ್ಮಗ ಗೊತ್ತಿತ್ತು. ಆದರೂ ಸೊಂಟದ ಕೀಲಿ ಬಿಚ್ಚಿ ಕಿಡಕಿ ಕಟ್ಟಿ ಮ್ಯಾಲೆ ಇಟ್ಟಳು.

"ಕೀಲಿ ಇಲ್ಲೈತ್ರಿ ಸಾಹೇಬ್ರ. ಕಪಾಟ ನೀವ ತಗೀರಿ. ಆಕಿ ಇಲ್ಲೇ ಕುಂತಾಳ, ಆಕಿ ಎದುರಿಗೆ ಚೀಟಿ ತಗದು ನಿಮ್ಮ ಕೈಯ್ಯಾರೆ ಕೊಡ್ರಿ. ನಾ ಒಬ್ಬಾಕಿ ಮನಿ ಮುರದೀನಿ. ಇನ್ನೊಂದು ನನ್ನ ಕೈಯ್ಯಿಂದ ಆಗಂಗಿಲ್ಲ."

ಡಾಕ್ಟರು ಕೀಲಿ ನೋಡಿದ್ರು. ಮಹೇಶ್ವರಿ ಕಡೆ ನೋಡಿದ್ರು. ಆಕಿಗೆ ಖಾತ್ರಿ ಕೊಟ್ಟಾವ್ರು ಅವ್ರ ಅಲ್ಲೇನ್ರಿ? ಕೈ ಮುಂದ ಬರಲಿಲ್ಲ. "ಸಾವ್ಕಾರ್ರ, ಆಕಿ ಹೇಳೂದು ಬರೋಬ್ಬರಿ ಐತ್ರಿ. ನನ್ನ ಕೈಯ್ಯಿಂದ ಆಗೂದಿಲ್ಲ" ಅಂದ್ರು. ಇಷ್ಟು ಅನ್ನಾಕ ಅವ್ರಿಗೆ ಬೆವರು ಬಂದಿತ್ತು.

ಈಗ ಪ್ರವೀಣಕುಮಾರ ಮುಂದ ಬಂದ. ಒಳ್ಳೆ ಮಾತು ಆಡಿ ಕೆಲಸ ತಗಸೂ ಪೈಕಿ ಅಂವ.

"ಅಪ್ಪಾ, ನೀ ಸುಮ್ಮನಿರು. ಗುರುಲಿಂಗಮ್ಮಾರ, ಒಬ್ಬಾಕೀದ ಕೇಳಿದ್ದು ತಪ್ಪಾತ್ರಿ, ಒಪ್ಪಿಗೊಂತೀವಿ. ಹಂಗಾರ ಕಡ್ಲಿಯವ್ರ ಮನೀದು ಎಲ್ಲಾರದೂ ಹೊರಗ ತಗೀರಿ. ನಂದೂ ತಗೀರಿ, ಅಪ್ಪಂದೂ ತಗೀರಿ. ಇಲ್ಲೇ ಎಲ್ಲಾರ ಮುಂದ ಓದ್ರಿ. ನಮ್ಮ ಮನಿಯಾಗ ಮುಚ್ಚಿಡೂವಂಥಾದ್ದು ಏನೈತಿ? ಏನಪ್ಪಾ?"

ಮಂದಿಯೊಳಗ ಕೆಲವ್ರು ಗೋಣು ಹಾಕಿದ್ರು, ಹೌದಲ್ಲ ನ್ಯಾಯದ ಮಾತು ಅಂತ. ಕರಿಬಸಪ್ಪ ಹೂಂ ಅನ್ನಲಿಲ್ಲ. ಅವನ ಮಾರಿಯೊಳಗಿನ ಕೆಂಪು ಇಳದು ಬೂದಿ ಬಣ್ಣ ಆಗಿತ್ತು. ಪಟಕಾದ ಬುಡಕ ಬೆವರು ಒಡದಿತ್ತು.

ಯಾಕಂದ್ರ ಅವಂದೂ ಒಂದು ಚೀಟಿ ಆ ಕಪಾಟದಾಗ ಇತ್ತು. ಮೂರು ಸಲ ಬಂದಿದ್ದ, ಮೂರೂ ಸಲ ಮಧ್ಯಾಹ್ನ, ಮಂದಿ ಯಾರೂ ಇಲ್ಲದಾಗ, ಒಬ್ಬಾಂವ. ಅದರಾಗ ಬರದದ್ದು ಮಕ್ಕಳ ಕಿವಿಗೆ ಬಿದ್ರ ಅಂವ ಮನಿಯಾಗ ತಲಿ ಎತ್ತಿ ಕುಂದ್ರೂ ಹಂಗಿರಲಿಲ್ಲ. ನಂಬರ್ ಹಾಕೂ ಮುಂದ ಗುರುಲಿಂಗಮ್ಮನ ಕಣ್ಣಿಗೆ ಅದು ಬಿದ್ದಿತ್ತು. ಐದು ವರ್ಷ ಚೀಟಿ ತಿರುವಿ ತಿರುವಿ ಡಾಕ್ಟರ ಇಂಗ್ಲೀಷ್ ಆಕಿಗೆ ತಿಳೀತಿತ್ತು.

ಆಕಿಗೆ ಆ ಚೀಟಿ ನಾಲಿಗಿ ತುದಿಗೆ ಬಂತು. ದೇವರಾಣಿ, ಬಂತು. ಒಂದು ಮಾತು ಸಾಕಿತ್ತು. "ತಗೀಲೇನ್ರಿ ಸಾವ್ಕಾರ್ರ, ನಿಮ್ಮದ ಮೊದಲು?" ಅಂತ ಬರೇ ಕೇಳಿದ್ರೂ ಈ ಮನಶ್ಯಾ ಚಪ್ಪಲಿ ಬಿಟ್ಟು ಓಡತಿದ್ದ. ಕಟ್ಟಡ, ಕೊಡಿ, ಪಟಕಾ ಎಲ್ಲಾ ಒಂದ ಏಟಿಗೆ ನೆಲಕ್ಕ ಬೀಳತಿತ್ತು. ಎಂಟು ತಿಂಗಳ ಸಿಟ್ಟು ಆಕಿ ಗಂಟಲದಾಗ ಕುಂತು, ಅನ್ನು, ಅನ್ನು ಅಂತಿತ್ತು.

ಅವನ ಕಣ್ಣು ಆಕಿ ಕಣ್ಣಿಗೆ ಸಿಕ್ಕವು. ಅಂಜಿದ್ದವು. ಬಸ್ಸಿನ್ಯಾಗ ಕುಂತಿದ್ದ ಯಮನೂರಮ್ಮನ ಕಣ್ಣೂ ಹಂಗ ಇದ್ದವು. ಸಾವ್ಕಾರನ ಕಣ್ಣಂತ ಬ್ಯಾರೆ ಇರಲಿಲ್ಲ.

ಗುರುಲಿಂಗಮ್ಮ ಕೀಲಿ ತಗೊಂಡು ತಿರುಗಿ ಸೊಂಟಕ್ಕ ಸಿಗಿಸಿದಳು.

"ಇಲ್ಲಪ್ಪ ಪ್ರವೀಣಕುಮಾರ" ಅಂದಳು, ಎಲ್ಲಾರಿಗೂ ಕೇಳೂ ಹಂಗ. "ನಿಮ್ಮ ತಂದೇರ ಚೀಟಿ ಸುದ್ದಾ ನಾ ಯಾರಿಗೂ ಕೊಡಂಗಿಲ್ಲ. ಅದರಾಗ ನೆಗಡಿ ಅಂತ ಇರ್ಲಿ, ಕೆಮ್ಮು ಅಂತ ಇರ್ಲಿ, ಏನ ಇರ್ಲಿ. ಮಗ ಕೇಳಿದ್ರೂ ಇಲ್ಲ, ಹೆಂಡತಿ ಕೇಳಿದ್ರೂ ಇಲ್ಲ. ಹೋಗ್ರಿ, ಮಂದಿ ಕಾಯಾಕತ್ತಾರ."

ಪ್ರವೀಣಕುಮಾರ ಇನ್ನೊಂದು ಮಾತು ಆಡಾಕ ಬಾಯಿ ತಗದ. ಅಪ್ಪ ಅವನ ರೆಟ್ಟಿ ಹಿಡದ.

"ಸಾಕು. ನೀ ಅಂಗಡಿಗೆ ನಡಿ."

"ಅಪ್ಪಾ, ಹಂಗ ಹೆಂಗ..."

"ನಡಿ ಅಂದ್ನೆಲ್ಲ!"

ಮಗ ಗೊಣಗಿಕೊಂತ ಮೆಟ್ಟಲಾ ಇಳದ. ಡಾಕ್ಟರು ಒಳಗ ಹೋದ್ರು. ಮಂದಿ ಒಬ್ಬರಿಗೊಬ್ಬರು ಗುಸುಗುಸು ಸುರು ಮಾಡಿದ್ರು. ಕರಿಬಸಪ್ಪ ಮಾತ್ರ ಅಲ್ಲೇ ನಿಂತಿದ್ದ. ಆಮ್ಯಾಲೆ ಬಗ್ಗಿ, ಮಾರಿ ಕಿಡಕಿ ಸನೇಕ ತಂದು, ಬಾಕಿನವ್ರಿಗೆ ಕೇಳದ ಹಂಗ ಕೇಳಿದ.

"ಗುರುಲಿಂಗವ್ವಾ... ನಂದು ಚೀಟಿ?"

"ಐತ್ರಿ, ಜ್ವಾಕಿಯಿಂದ ಐತಿ."

"ನಾಳೆ ಯಾರರ ಬಂದು ಕೇಳಿದ್ರ?"

"ನಾಳೆ ಯಾಕ್ರಿ? ಇವತ್ತ ಕೇಳಿದ್ರಲ್ಲ, ನಿಮ್ಮ ಮಗ. ಕೊಟ್ನೇನ್ರಿ?"

ಕರಿಬಸಪ್ಪ ಪಟಕಾ ಸರಿ ಮಾಡಿಕೊಂಡು ತಿರುಗಿದ. ಹೆಣ್ಮಕ್ಕಳ ಬಾಕು ದಾಟೂ ಮುಂದ ಕಾಲು ನಿಧಾನ ಮಾಡಿದ. ಸೊಸಿ ಮಾರಿ ನೋಡಲಿಲ್ಲ, ನೆಲ ನೋಡಕೊಂತ ಅಂದ:

"ಸಾವಕಾಶ ತೋರಿಸ್ಕೊಂಡು ಬಾ ಯವ್ವಾ. ಬಿಸಲು ಭಾಳ ಐತಿ, ನಡಕೊಂತ ಬರಬ್ಯಾಡ. ಗಾಡಿ ಕಳಸ್ತೀನಿ."